ಹಳೇ ಮೈಸೂರು ರಸ್ತೆಯಲ್ಲಿ ಅಪ್ಪ ಸಿಕ್ಕಿದ್ದು

ದಸರೆ ರಜೆಯ ಮೊದಲ ಶನಿವಾರ ಬಸವೇಶ್ವರನಗರದ ನಮ್ಮ ಮನೆಯಿಂದ ಐದು ಜನ ಹೊರಟೆವು: ನಾನು, ನನ್ನ ಹೆಂಡತಿ, ಮೂರನೇ ಕ್ಲಾಸಿನ ಮಗಳು, ಯುಕೆಜಿ ಓದುವ ಮಗ, ಹಿಂದಿನ ಸೀಟಿನ ಕಿಟಕಿ ಪಕ್ಕ ನನ್ನ ಅಮ್ಮ. ಮೈಸೂರಿಗೆ ಅನ್ನುವುದು ಹೆಸರಿಗೆ ಮಾತ್ರ. ಮಗಳು ಒಂದು ವಾರದಿಂದ ಅವರಮ್ಮನ ಮೊಬೈಲಿನಲ್ಲಿ ದಾರಿಬದಿಯ ವಿಚಿತ್ರಗಳ ವಿಡಿಯೋಗಳನ್ನೇ ನೋಡುತ್ತಿದ್ದಳು. ಹೊಸ ಹೆದ್ದಾರಿ ಬಂದ ಮೇಲೆ ಹಳೇ ಮೈಸೂರು ರಸ್ತೆಯ ಹೋಟೆಲು, ನರ್ಸರಿಗಳಿಗೆ ಜನ ಕಡಿಮೆಯಾಗಿ, ಒಬ್ಬೊಬ್ಬರು ಒಂದೊಂದು ಗೊಂಬೆ ನಿಲ್ಲಿಸಿ ಕರೆಯಲು ಶುರುಮಾಡಿದ್ದರು. ಎಲ್ಲಿ ಗೊಂಬೆ ಕಂಡರೂ ಕಾರು ನಿಲ್ಲಿಸಲೇಬೇಕು ಎಂದು ಮಗಳು ನನ್ನಿಂದ ಮಾತು ತೆಗೆದುಕೊಂಡಿದ್ದಳು.

ಅಮ್ಮ ಮೊದಲು ಒಲ್ಲೆ ಅಂದಿದ್ದಳು. "ಈ ವಯಸ್ಸಲ್ಲಿ ನಾನು ಸಿಮೆಂಟ್ ಗೊಂಬೆ ನೋಡೋಕೆ ಬರ್ಬೇಕಾ? ನೀವು ಹೋಗ್ಬನ್ನಿ." ಆದರೆ ಅಂದು ಬೆಳಿಗ್ಗೆಯೇ ಮೇಲಿನ ಬಾಡಿಗೆಯವರು ಗೋಡೆ ಕೊರೆಯಲು ಡ್ರಿಲ್ಲಿಂಗ್ ಮಿಷನ್ ತಂದಿದ್ದರು. ಆ ಸದ್ದು ಕೇಳಿದ ಮೇಲೆ ಅಮ್ಮ ಏನೂ ಹೇಳದೆ ಸೀರೆ ಬದಲಾಯಿಸಿಕೊಂಡು ಬಂದು ಕಾರಿನಲ್ಲಿ ಕೂತಳು.

ಕೆಂಗೇರಿ ದಾಟಿದ ಸ್ವಲ್ಪ ಹೊತ್ತಿಗೆ ಒಂದು ನರ್ಸರಿಯ ಮುಂದೆ ಹಸಿರು ಡೈನೋಸಾರ್ ಕಾಣಿಸಿತು. ಬಾಲದ ತುದಿ ಮುರಿದು ಕಂಬಿ ಹೊರಗೆ ಬಂದಿತ್ತು. ಅದರ ಹೊಟ್ಟೆಯ ನೆರಳಿನಲ್ಲಿ ಇಬ್ಬರು ಡೆಲಿವರಿ ಹುಡುಗರು ಬೈಕಿಗೆ ಒರಗಿ ಪಫ್ಸ್ ತಿನ್ನುತ್ತಿದ್ದರು. ಮಗ ಓಡಿ ಹೋಗಿ ಡೈನೋಸಾರಿನ ಕಾಲು ತಬ್ಬಿಕೊಂಡ. ತಕ್ಷಣ ಅದು ಘರ್ಜಿಸಿತು. ಎಲ್ಲೋ ಸೆನ್ಸರ್ ಇಟ್ಟಿದ್ದರು ಅಂತ ಕಾಣುತ್ತದೆ. ಮಗನ ಚಡ್ಡಿ ಅಲ್ಲೇ ಒದ್ದೆಯಾಯಿತು. ಅಮ್ಮ ಎದೆ ಹಿಡಿದುಕೊಂಡು ಸೇವಂತಿಗೆ ಕುಂಡಗಳ ಮೇಲೆ ಕೂತುಬಿಟ್ಟಳು. "ಗುರು, ಎಲ್ಲರೂ ಹೆದರ್ತಾರೆ, ನಾನೂ ಮೊದ್ಲ ದಿನ ಪಫ್ಸ್ ಬೀಳಿಸ್ಕೊಂಡೆ" ಎಂದು ಡೆಲಿವರಿ ಹುಡುಗನೊಬ್ಬ ಮಗನಿಗೆ ಸಮಾಧಾನ ಹೇಳಿದ.

ಚಡ್ಡಿ ಬದಲಾಯಿಸಿ ಮುಂದೆ ಹೋದೆವು. ಬಿಡದಿಯ ಹತ್ತಿರ ಹಳೆಯ ವಿಮಾನವೊಂದನ್ನು ತಂದಿಟ್ಟು ಅದರೊಳಗೆ ಹೋಟೆಲು ಮಾಡಿದ್ದರು. ರೆಕ್ಕೆಯ ಕೆಳಗೆ ಕೋಳಿಗಳು ಮಣ್ಣು ಕೆದಕುತ್ತಿದ್ದವು. ಕಿಟಕಿಯ ಪಕ್ಕದ ಸೀಟು ಹಿಡಿದ ಮಗಳು, ಇಡ್ಲಿ ತಂದ ಸರ್ವರನ್ನು "ಅಣ್ಣ, ಇದು ಯಾವಾಗ ಹಾರತ್ತೆ?" ಎಂದು ಕೇಳಿದಳು. ಅವನು ಗಂಭೀರವಾಗಿ, "ಪೈಲಟ್ ಕೈ ತೊಳೀತಾ ಇದಾರೆ ಪುಟ್ಟಿ, ಬರ್ತಾರೆ" ಅಂದ. ಮಗ ಅದನ್ನು ನಂಬಿ ಇಡ್ಲಿ ಮುಗಿಯುವವರೆಗೂ ಸೀಟಿನ ತೋಳನ್ನು ಬಿಗಿಯಾಗಿ ಹಿಡಿದುಕೊಂಡೇ ಇದ್ದ.

ಅಲ್ಲಿಂದ ಹೊರಟ ಮೇಲೆ ಸಿಕ್ಕಿದ್ದೇ ಆ ಹಳ್ಳಿ. ನಿಜವಾದ ಹಳ್ಳಿಯಲ್ಲ, ಗೊಂಬೆಗಳ ಹಳ್ಳಿ. ಮಾವಿನ ತೋಪೊಂದಕ್ಕೆ ಬೇಲಿ ಹಾಕಿ, ಒಳಗೆ ಹಂಚಿನ ಮನೆಗಳನ್ನು ಕಟ್ಟಿ, ಫೈಬರಿನಲ್ಲಿ ಮನುಷ್ಯರನ್ನು ಮಾಡಿ ನಿಲ್ಲಿಸಿದ್ದರು. ಕುಂಬಾರ ಮಡಕೆ ತಿರುಗಿಸುತ್ತಿದ್ದ, ಹೆಂಗಸೊಬ್ಬಳು ರಾಗಿ ಬೀಸುತ್ತಿದ್ದಳು, ಮಕ್ಕಳು ಗೋಲಿ ಆಡುತ್ತಿದ್ದವು. ಮರದಲ್ಲಿ ಕಟ್ಟಿದ್ದ ಸ್ಪೀಕರಿನಿಂದ ಹಸುವೊಂದು ಬಿಟ್ಟುಬಿಟ್ಟು ಅಂಬಾ ಅನ್ನುತ್ತಿತ್ತು.

ಇಲ್ಲಿ ನನ್ನ ಕಸುಬಿನ ಬಗ್ಗೆ ಒಂದು ಮಾತು ಹೇಳಬೇಕು. ವಿಜಯನಗರದಲ್ಲಿ ನನಗೊಂದು ಕನ್ನಡಕದ ಅಂಗಡಿಯಿದೆ. ದಿನವಿಡೀ ಜನರ ಮೂಗು, ಕಿವಿ, ಕಣ್ಣಿನ ನಡುವಿನ ಅಂತರ ನೋಡುವುದೇ ನನ್ನ ಕೆಲಸ. ಹೆಸರು ಮರೆತರೂ ಮೂಗನ್ನು ಮರೆಯುವುದಿಲ್ಲ. ಗೊಂಬೆಗಳ ಮುಂದೆ ನಡೆಯುವಾಗಲೂ ಅಭ್ಯಾಸಬಲದಿಂದ, ಈ ಕುಂಬಾರನಿಗೆ ಯಾವ ಫ್ರೇಮ್ ಒಪ್ಪುತ್ತದೆ ಎಂದು ಮನಸ್ಸಿನಲ್ಲೇ ಅಳೆಯುತ್ತಿದ್ದೆ.

ಕೊನೆಯ ಮನೆಯ ಜಗಲಿಯ ಮೇಲೆ ಒಬ್ಬ ರೈತ ಕೂತಿದ್ದ. ಬರಿಮೈ, ಹೆಗಲ ಮೇಲೆ ಕೆಂಪು ಚೌಕದ ವಸ್ತ್ರ. ಪಕ್ಕದಲ್ಲಿ ಅವನ ಹೆಂಡತಿ ಬಗ್ಗಿ ತಟ್ಟೆಗೆ ಮುದ್ದೆ ಹಾಕುತ್ತಿದ್ದಳು. ರೈತ ಬಾಯಿ ತೆರೆದು ಜೋರಾಗಿ ನಗುತ್ತಿದ್ದ. ನಾನು ಮೊದಲು ನೋಡಿದ್ದು ಅವನ ಮೂಗನ್ನು. ಮೂಗಿನ ಎರಡೂ ಬದಿಯಲ್ಲಿ, ಕನ್ನಡಕ ಕೂರುವ ಜಾಗದಲ್ಲಿ, ಬೆರಳಿನಿಂದ ಒತ್ತಿದಂತೆ ಎರಡು ಸಣ್ಣ ಕುಳಿಗಳಿದ್ದವು. ಕನ್ನಡಕವೇ ಇಲ್ಲದ ಗೊಂಬೆಗೆ ಕನ್ನಡಕದ ಕುಳಿ ಯಾಕೆ ಮಾಡಿದರು ಅಂದುಕೊಳ್ಳುತ್ತಾ ಕಿವಿ ನೋಡಿದೆ. ಎಡಗಿವಿ ಬಲಗಿವಿಗಿಂತ ಒಂದು ಎಳೆ ಮೇಲಿತ್ತು. ಅಂಥ ಕಿವಿಗೆ ಯಾವ ಫ್ರೇಮ್ ಕೊಟ್ಟರೂ ಒಂದು ಕಡೆಗೆ ವಾಲುತ್ತದೆ. ಒಂದು ಕಡ್ಡಿಯನ್ನು ಬಿಸಿ ಮಾಡಿ ಬಗ್ಗಿಸಿಕೊಡಬೇಕಾಗುತ್ತದೆ. ಆ ಕಿವಿಗಾಗಿ ನಾನೇ ಎಷ್ಟೋ ಸಲ ಕಡ್ಡಿ ಬಗ್ಗಿಸಿಕೊಟ್ಟಿದ್ದೆ.

ಅದು ನನ್ನ ಅಪ್ಪನ ಮುಖ.

ಹೋಲಿಕೆಯಲ್ಲ. ಹುಬ್ಬಿನ ಮೇಲಿನ ಮಚ್ಚೆಯೂ ಇತ್ತು, ಗದ್ದದ ಸೀಳೂ ಇತ್ತು. ಅಪ್ಪ ತೀರಿಕೊಂಡದ್ದು ನನ್ನ ಮಗ ಹುಟ್ಟುವ ಮುಂಚೆ. ಮನೆಯಲ್ಲಿ ಹೂವಿನ ಹಾರದೊಳಗೆ ತುಟಿ ಬಿಗಿದುಕೊಂಡಿರುವ ಒಂದು ಫೋಟೋ ಇದೆ. ಅಪ್ಪ ಜೀವನವಿಡೀ ಹಾಗೆಯೇ ಇದ್ದವರು. ರಾಜಾಜಿನಗರದ ಕಾರ್ಖಾನೆಯೊಂದರಲ್ಲಿ ಫಿಟ್ಟರಾಗಿದ್ದರು. ಮನೆಯಲ್ಲಿ ಮಾತು ಕಡಿಮೆ, ನಗು ಇಲ್ಲವೇ ಇಲ್ಲ. ತಮಾಷೆ ನಡೆದರೆ ಹೆಗಲ ಮೇಲಿನ ಟವೆಲನ್ನು ಬಾಯಿಗೆ ಒತ್ತಿಕೊಂಡು ಒಳಗೆ ಎದ್ದು ಹೋಗುತ್ತಿದ್ದರು. ಅವರ ಹಲ್ಲು ಹೇಗಿದ್ದವು ಎಂದು ಯಾರಾದರೂ ಕೇಳಿದ್ದರೆ ನಾನು ತಡವರಿಸುತ್ತಿದ್ದೆ. ಆ ಮನುಷ್ಯ ಇಲ್ಲಿ, ಮಾವಿನ ತೋಪಿನಲ್ಲಿ, ಮುಂದಿನ ಮುರುಕು ಹಲ್ಲು ಕಾಣುವಂತೆ, ಗಂಟಲವರೆಗೂ ಬಾಯಿ ತೆರೆದು ನಗುತ್ತಾ ಕೂತಿದ್ದರು.

ಹೆಂಡತಿ ಪಕ್ಕಕ್ಕೆ ಬಂದು ನನ್ನ ಮುಖ ನೋಡಿದಳು, ಆಮೇಲೆ ಗೊಂಬೆಯ ಮುಖ ನೋಡಿದಳು. ಅವಳ ಕೈಯಲ್ಲಿದ್ದ ನೀರಿನ ಬಾಟಲಿ ಬಿತ್ತು. "ರೀ..." ಅಂದಳು.

ಅಮ್ಮ ಇನ್ನೂ ಹಿಂದೆ ಇದ್ದಳು. ರಾಗಿ ಬೀಸುವ ಗೊಂಬೆಯ ಮುಂದೆ ನಿಂತು, ಗೂಟವನ್ನು ತಪ್ಪು ಕೈಯಲ್ಲಿ ಹಿಡಿದಿದ್ದಾಳೆ ಎಂದು ಮೊಮ್ಮಕ್ಕಳಿಗೆ ಹೇಳುತ್ತಿದ್ದಳು. ನಾನು ಓಡಿದಂತೆ ಅವಳ ಕಡೆ ಹೋದೆ. "ಅಮ್ಮ, ಬಿಸಿಲು ಜಾಸ್ತಿ ಆಯ್ತು. ಕಾರ್ ಹತ್ರ ಹೋಗೋಣ. ಆ ಕಡೆ ಏನೂ ಇಲ್ಲ."

"ಏನೂ ಇಲ್ದೆ ಇದ್ರೆ ಅವಳ್ಯಾಕೆ ಹಂಗೆ ನಿಂತಿದಾಳೆ?" ಎಂದು ನನ್ನ ಹೆಂಡತಿಯ ಕಡೆ ಕೈ ತೋರಿಸಿ, ನನ್ನನ್ನು ಸರಿಸಿಕೊಂಡೇ ಅಮ್ಮ ಮುಂದೆ ನಡೆದಳು.

ಜಗಲಿಯ ಮುಂದೆ ಬಂದು ನಿಂತಳು. ಅವಳು ಚೀರುತ್ತಾಳೆ, ಇಲ್ಲವೇ ಕುಸಿದು ಬೀಳುತ್ತಾಳೆ ಅಂದುಕೊಂಡು ನಾನು ಎರಡೂ ಕೈ ಚಾಚಿಕೊಂಡು ಹಿಂದೆಯೇ ನಿಂತಿದ್ದೆ. ಅಮ್ಮ ಎರಡನ್ನೂ ಮಾಡಲಿಲ್ಲ. ಚಪ್ಪಲಿ ಬಿಟ್ಟಳು. ಸೀರೆಯ ನಿರಿಗೆ ಎತ್ತಿಕೊಂಡು, ಅಡ್ಡ ಕಟ್ಟಿದ್ದ ಹಗ್ಗ ದಾಟಿ ಜಗಲಿ ಹತ್ತಿ ಅಪ್ಪನ ಎಡಗಿವಿ ಮುಟ್ಟಿದಳು.

ಸೀಟಿ ಊದಿದ ಸದ್ದಾಯಿತು. ಕಾವಲುಗಾರ ಕೋಲು ಹಿಡಿದು ಓಡಿ ಬಂದ. "ಅಮ್ಮಾ, ಹಗ್ಗ ದಾಟ್ಬಾರ್ದು! ಗೊಂಬೆ ಮುಟ್ಬೇಡಿ!"

"ಗೊಂಬೆ ಅಲ್ಲ ಕಣಪ್ಪ. ನನ್ನ ಗಂಡ" ಅಂದಳು ಅಮ್ಮ.

ಅವನು ನಗಲು ಹೊರಟವನು ಅವಳ ಮುಖ ನೋಡಿ ಕೋಲು ಕೆಳಗಿಳಿಸಿದ. ಅಷ್ಟರಲ್ಲಿ ಅಮ್ಮನ ಕಣ್ಣು ಪಕ್ಕದಲ್ಲಿ ಮುದ್ದೆ ಬಡಿಸುತ್ತಿದ್ದ ಹೆಂಗಸಿನ ಮೇಲೆ ಬಿತ್ತು. ಅವಳನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ತುಂಬು ಕೂದಲು, ತೋಳಿಗೆ ವಂಕಿ, ತುಟಿಗೆ ಕೆಂಪು ಬಣ್ಣ.

"ಇವಳ್ಯಾರು?" ಎಂದು ಕಾವಲುಗಾರನನ್ನು ಕೇಳಿದಳು. ಆ ಪ್ರಶ್ನೆಯಲ್ಲಿ ತಮಾಷೆಯ ಸುಳಿವೂ ಇರಲಿಲ್ಲ.

"ಅಜ್ಜಿ, ಅದು ನಮ್ಮ ತಾತನಾ?" ಎಂದು ಮಗಳು ಕೆಳಗಿನಿಂದ ಕೂಗಿದಳು. ಫೋಟೋದಲ್ಲಷ್ಟೇ ತಾತನನ್ನು ಕಂಡಿದ್ದ ಮಗ, "ತಾತಂಗೆ ಹಲ್ಲಿದೆ!" ಎಂದು ಆಶ್ಚರ್ಯಪಟ್ಟ.

ಕಾವಲುಗಾರ ಮ್ಯಾನೇಜರನ್ನು ಕರೆತಂದ. ಟೀ ಶರ್ಟ್ ಹಾಕಿದ್ದ ಚುರುಕು ಹುಡುಗ. "ಸಾರ್, ತಪ್ ತಿಳ್ಕೋಬೇಡಿ, ಇಲ್ಲಿಗೆ ಬಂದೋರಿಗೆಲ್ಲ ಹಂಗೇ ಅನ್ಸತ್ತೆ. ಮೊನ್ನೆ ಒಬ್ರು ಆ ಎಮ್ಮೆ ನಮ್ದೇ ಅಂತ ಜಗಳ ಮಾಡಿದ್ರು" ಅಂದ. ನಾನು ಮೊಬೈಲಿನಲ್ಲಿದ್ದ ಅಪ್ಪನ ಫೋಟೋ ತೆಗೆದು ಅವನ ಮುಂದೆ ಹಿಡಿದೆ. ಅವನು ಫೋಟೋ ನೋಡಿದ, ಗೊಂಬೆ ನೋಡಿದ, ಮತ್ತೆ ಫೋಟೋವನ್ನು ದೊಡ್ಡದು ಮಾಡಿ ಕಿವಿ ನೋಡಿದ. ಅವನ ಚುರುಕೆಲ್ಲ ಇಳಿದುಹೋಯಿತು. "ಸಾರ್, ಮೈ ಜುಮ್ ಅಂತಿದೆ ಸಾರ್. ನಂಗೇನೂ ಗೊತ್ತಿಲ್ಲ. ಇವೆಲ್ಲ ಮಾಡ್ಕೊಟ್ಟ ಕಲಾವಿದರಿಗೆ ಫೋನ್ ಹಾಕ್ತೀನಿ ಇರಿ" ಎಂದ. ಕುರ್ಚಿ ತರಿಸಿದ. ಅಮ್ಮ ಕುರ್ಚಿಗೆ ಬರದೆ ಜಗಲಿಯ ಮೇಲೆ, ಅಪ್ಪನಿಗೂ ಆ ಹೆಂಗಸಿಗೂ ನಡುವೆ ಇದ್ದ ಜಾಗದಲ್ಲಿ ಕೂತಳು.

ಫೋನ್ ಸ್ಪೀಕರಿಗೆ ಹಾಕಿ ಅವಳ ಪಕ್ಕದಲ್ಲಿಟ್ಟೆವು. ಮ್ಯಾನೇಜರ್ ನಡೆದದ್ದನ್ನು ಹೇಳಿದ. ಆ ಕಡೆಯಿಂದ, "ಅಮ್ಮಾರು ಅಲ್ಲೇ ಅದಾರೇನ್ರಿ? ನಾನ್ರೀ ಅಮ್ಮಾರ. ನಿಮ್ಮನಿ ಟೆರೇಸ್ ಮ್ಯಾಲಿನ ಖೋಲ್ಯಾಗ ಬಾಡ್ಗಿಗೆ ಇದ್ದೆ. ಮಣ್ಣು ಹಾಕಿ ನಿಮ್ಮ ಪೈಪ್ ಕಟ್ಟಿಸಿದ್ದೆನಲ್ರಿ" ಎಂಬ ಗದಗ ಸೀಮೆಯ ದನಿ ಕೇಳಿತು.

ಅಮ್ಮನಿಗೆ ತಕ್ಷಣ ನೆನಪಾಯಿತು. ನನಗೂ. ಅಪ್ಪ ನಿವೃತ್ತರಾದ ಹೊಸದರಲ್ಲಿ ಒಬ್ಬ ಸಣಕಲು ಹುಡುಗ ಆ ಕೋಣೆಯಲ್ಲಿದ್ದ. ಚಿತ್ರಕಲಾ ಕಾಲೇಜಿನಲ್ಲಿ ಶಿಲ್ಪ ಕಲಿಯುತ್ತಿದ್ದ. ಮೇಲಿನ ಸಿಂಕಿನಲ್ಲಿ ಜೇಡಿಮಣ್ಣು ತೊಳೆದು ತೊಳೆದು ಕೊಳವೆ ಕಟ್ಟಿಸುತ್ತಾನೆ ಎಂದು ಅಮ್ಮ ಅವನನ್ನು ಬೈಯದ ದಿನವಿರಲಿಲ್ಲ.

"ನಮ್ಮೋರ ಮುಖ ನಿನ್ನ ಕೈಗೆ ಹೆಂಗೆ ಸಿಕ್ತು?" ಎಂದಳು ಅಮ್ಮ.

"ಕಾಕಾರು ತಾವ ಬಂದು ಕುಂತಿದ್ರಿ. ಮಾಡೆಲ್ ಕರ್‍ಯಾಕ ನನ್ನ ಕಡೆ ರೊಕ್ಕ ಇರ್ಲಿಲ್ಲ. ಒಂದ್ ದಿನ ಬಾಗಿಲ್ದಾಗ ನಿಂತು, ನನ್ನ ಮುಖ ಆಗ್ತದೇನಪಾ ಅಂದ್ರು. ಆಮ್ಯಾಲೆ ದಿನಾ ಮಧ್ಯಾಹ್ನ ಬರಾಕ ಹತ್ತಿದ್ರು."

"ದಿನಾ ಮಧ್ಯಾಹ್ನ ಅವರು ಲೈಬ್ರರಿಗೆ ಹೋಗ್ತಿದ್ರು" ಅಂದಳು ಅಮ್ಮ.

ಮ್ಯಾನೇಜರ್ ತಲೆ ತಗ್ಗಿಸಿದ. ಅಮ್ಮ ನನ್ನ ಮುಖ ನೋಡಿದಳು. ಊಟ ಮುಗಿಸಿ, ಕೊಡೆ ಹಿಡಿದು, ಮುಂದಿನ ಗೇಟಿನಿಂದ ಹೊರಗೆ ಹೋಗುತ್ತಿದ್ದ ಅಪ್ಪನನ್ನು ನಾವಿಬ್ಬರೂ ಆಗ ನೆನೆಸಿಕೊಂಡಿರಬೇಕು. ನಮ್ಮ ಮನೆಯ ಟೆರೇಸಿಗೆ ಹೋಗುವ ಮೆಟ್ಟಿಲು ಹಿಂದಿನ ಓಣಿಯಲ್ಲಿದೆ. ಅಪ್ಪ ಅರ್ಧ ಬೀದಿ ಸುತ್ತಿಕೊಂಡು, ತಮ್ಮದೇ ಮನೆಗೆ ಕಳ್ಳನ ಹಾಗೆ ಹಿಂದಿನಿಂದ ಹತ್ತಿದ್ದರು. ಕೆಳಗೆ ಅಮ್ಮ ಧಾರಾವಾಹಿ ನೋಡುತ್ತಿದ್ದಾಗ, ಅವಳ ನೆತ್ತಿಯ ಮೇಲೆಯೇ ಅವರು ಶರ್ಟ್ ಬಿಚ್ಚಿ ಕೂತಿದ್ದರು.

"ಅವ್ನು ನಗೋ ಹಂಗೆ ನೀನೇನು ಮಾಡ್ದೆ?" ಅಮ್ಮನ ದನಿ ಸಣ್ಣದಾಗಿತ್ತು. ಅಪ್ಪನನ್ನು ಅವಳು ಏಕವಚನದಲ್ಲಿ ಕರೆದದ್ದನ್ನು ನಾನು ಕೇಳಿದ್ದು ಅದೇ ಮೊದಲು. "ನನ್ನ ಮುಂದೆ ಒಂದಿನ ಹಿಂಗೆ ನಕ್ಕಿಲ್ಲ."

"ನಾ ಏನೂ ಮಾಡ್ಲಿಲ್ರಿ. ಅವರ ನನ್ನ ನಗಸ್ತಿದ್ರು. ಸುಮ್ಮ ಕುಂಡ್ರಿ ಅಂದ್ರ ಕುಂಡ್ರತಿದ್ದಿಲ್ಲ. ಬಾಜೂ ಮನಿಯವರಂಗ, ಫ್ಯಾಕ್ಟರಿ ಸಾಹೇಬ್ರಂಗ, ಹಾಲಿನವನಂಗ ಮಾತಾಡಿ ತೋರ್ಸತಿದ್ರು. ನಿಮ್ಮಂಗೂ ಮಾತಾಡತಿದ್ರು."

"ನನ್ನ ಹಂಗಾ?"

"ಬ್ಯಾಡ ಬಿಡ್ರಿ ಅಮ್ಮಾರ."

"ಹೇಳು ಅಂದ್ರೆ ಹೇಳು."

ಅವನು ಗಂಟಲು ಸರಿಮಾಡಿಕೊಂಡ. ಆಮೇಲೆ ಫೋನಿನಿಂದ ನನ್ನ ಅಮ್ಮನ ದನಿಯೇ ಬಂತು. "ರೀ! ಹಾಲು ಉಕ್ತಾ ಇದೆ, ಮನೆ ಹೊತ್ಕೊಂಡು ಉರೀತಾ ಇದೆ, ನೀವು ಪೇಪರ್ ಒಳಗೆ ಏನ್ ಹೂತು ಹೋಗಿದೀರಾ? ಎದ್ದೇಳಿ, ಇಲ್ಲಾಂದ್ರೆ ಪೇಪರ್ ಸಮೇತ ಗುಡಿಸಿ ಹಾಕ್ತೀನಿ!" ಮಾತಿನ ಕೊನೆಯಲ್ಲಿ ಅಮ್ಮ ಎಳೆಯುವ ಉಸಿರೂ ಇತ್ತು. ಗದಗಿನ ಹುಡುಗನೊಬ್ಬ ಬೆಂಗಳೂರಿನ ಕನ್ನಡದಲ್ಲಿ ಅಪ್ಪನಾಗಿ, ಆ ಅಪ್ಪ ಅಮ್ಮನಾಗಿ, ಆ ದನಿ ಮಾವಿನ ತೋಪಿನಲ್ಲಿ ಕೇಳುತ್ತಿತ್ತು. ಮಕ್ಕಳು "ಅಜ್ಜಿ ಥರಾನೇ! ಅಜ್ಜಿ ಥರಾನೇ!" ಎಂದು ಕುಣಿದರು. ಕಾವಲುಗಾರ ಸೀಟಿ ಬಾಯಲ್ಲಿಟ್ಟುಕೊಂಡು ನಗು ತಡೆದ. ನನಗೆ ನಗು ಬರಲಿಲ್ಲ. ನಾನು ಹುಟ್ಟಿದಾಗಿನಿಂದ ಜೊತೆಗಿದ್ದ ಮನುಷ್ಯನೊಬ್ಬ ನನಗೆ ಪರಿಚಯವೇ ಇರಲಿಲ್ಲ ಎಂದು ತಿಳಿದ ಗಳಿಗೆಯಲ್ಲಿ ನಗುವುದು ಹೇಗೆ?

ಅಮ್ಮ ಮಾತ್ರ ಫೋನನ್ನೇ ದಿಟ್ಟಿಸುತ್ತಿದ್ದಳು. "ಇದೆಲ್ಲ ನನ್ನ ಮುಂದೆ ಯಾಕೆ ಮಾಡ್ಲಿಲ್ಲ?" ಎಂದು ಕೇಳಿದಳು.

"ಹಲ್ಲು ಕಾಣ್ತಾವಂತ ನಾಚ್ಕಿ ಇತ್ರಿ ಅವರಿಗೆ. ನಿಮ್ಮನ್ನ ನೋಡಾಕ ಬಂದ ದಿನಾ ಯಾರೋ ಒಳಗಿಂದ ಅಂದ್ರಂತ, ಹುಡುಗ ಛಲೋ ಅದಾನ, ಆ ಮುಂದಿನ ಮುರುಕ ಹಲ್ಲೊಂದ್ ಇರ್ಲಿಲ್ಲಂದ್ರ ಅಂತ. ಅವತ್ತಿನಿಂದ ಮನ್ಯಾಗ ಬಾಯಿ ಮುಚ್ಚಿದೆ ನೋಡಪಾ ಅಂದಿದ್ರು. ನೀವ ಅಂದ್ರಿ ಅಂತ ತಿಳ್ಕೊಂಡಿದ್ರು ಅನಸ್ತದ."

ಸ್ಪೀಕರಿನ ಹಸು ಮತ್ತೆ ಅಂಬಾ ಅಂತು. ಅಮ್ಮನ ಮುಖದ ಬಣ್ಣವೇ ಹೋಗಿತ್ತು. ಹೆಂಡತಿ ಹೋಗಿ ಅವಳ ಬೆನ್ನ ಮೇಲೆ ಕೈಯಿಟ್ಟಳು.

"ನಾನಲ್ಲ" ಎಂದಳು ಅಮ್ಮ, ನಮಗಲ್ಲ, ಗೊಂಬೆಗೆ. "ನಮ್ಮಕ್ಕ ಅಂದಿದ್ದು. ನಾನು ಅವತ್ತು ನಿಮ್ಮ ಹಲ್ಲು ನೋಡೇ ಇರ್ಲಿಲ್ಲ. ತಲೆ ಬಗ್ಗಿಸ್ಕೊಂಡು ನಿಮ್ಮ ಕಾಲು ನೋಡ್ತಾ ಇದ್ದೆ."

ನಲವತ್ತು ವರ್ಷಕ್ಕೂ ಮೇಲೆ ಒಂದೇ ಮನೆಯಲ್ಲಿ ಬಾಳಿದವರು. ಒಬ್ಬರು ಕೇಳಲಿಲ್ಲ, ಇನ್ನೊಬ್ಬರಿಗೆ ಕೇಳುವ ವಿಷಯವೊಂದಿದೆ ಎಂದೇ ಗೊತ್ತಿರಲಿಲ್ಲ.

ಕಲಾವಿದ ಆ ಕಡೆಯಿಂದ ಕ್ಷಮೆ ಕೇಳುತ್ತಿದ್ದ. ಓದು ಮುಗಿದ ಮೇಲೆ ಆ ಮಣ್ಣಿನ ತಲೆಗೆ ಅಚ್ಚು ತೆಗೆದಿಟ್ಟುಕೊಂಡಿದ್ದನಂತೆ. ಈ ಹಳ್ಳಿಗೆ ಗೊಂಬೆ ಬೇಕೆಂದಾಗ ನಗುವ ರೈತ ಬೇಕು ಅಂದರಂತೆ, ಅವನಿಗೆ ಗೊತ್ತಿದ್ದ ಒಳ್ಳೆಯ ನಗು ಅದೊಂದೇ ಅಂತೆ. ಮನೆಗೆ ಬಂದು ಕೇಳಬೇಕಿತ್ತು, ಆಗಲೇ ಕಾಕಾರು ಹೋದ ಸುದ್ದಿ ಕೇಳಿ ಧೈರ್ಯ ಬರಲಿಲ್ಲ ಅಂದ. ಬೇಡವೆಂದರೆ ನಾಳೆಯೇ ಬಂದು ತಲೆ ಬದಲಾಯಿಸುತ್ತೇನೆ ಅಂದ.

"ತಲೆ ತೆಗೀತಾನಂತೆ!" ಅಮ್ಮ ಬೆಚ್ಚಿಬಿದ್ದಳು. "ಬೇಡಪ್ಪ. ಇರ್ಲಿ. ಈ ಹೆಂಗಸನ್ನ ಮಾತ್ರ ಸ್ವಲ್ಪ ಆ ಕಡೆ ಸರಿಸು."

"ಆತ್ರಿ" ಅಂದ ಅವನು. ಆಮೇಲೆ ತಡವರಿಸಿ, "ಇನ್ನೊಂದ್ ಮಾತದ ಅಮ್ಮಾರ. ಹೇಳ್ದೆ ಇದ್ರ ಮುಂದ ನೀವ ನೋಡಿ ಗಾಬ್ರಿ ಆಗ್ತೀರಿ. ಮದ್ದೂರ್ ಕಡೆ ಹೋಟೆಲ್ ಒಂದ್ರಾಗ ಒಬ್ಬ ರಾಕ್ಷಸ ಅದಾನ್ರಿ..." ಎಂದ.

ಹೆಂಡತಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅವಳು ಅಳುತ್ತಿದ್ದಳೋ ನಗುತ್ತಿದ್ದಳೋ ನನಗೆ ಗೊತ್ತಾಗಲಿಲ್ಲ.

ಅಮ್ಮನನ್ನು ಮನೆಗೆ ಕರೆದುಕೊಂಡು ಹೋಗುವುದೇ ಸರಿ ಎಂದು ನಾನು ಕಾರು ತಿರುಗಿಸಿದೆ. ಆದರೆ ಹಿಂದಿನ ಸೀಟಿನಿಂದ, "ಎಲ್ಲಿಗೆ? ಮದ್ದೂರು ಆ ಕಡೆ ಅಲ್ವಾ?" ಎಂಬ ಮಾತು ಬಂತು. ಮತ್ತೆ ತಿರುಗಿಸಿದೆ. ಚನ್ನಪಟ್ಟಣದ ಆಟಿಕೆ ಅಂಗಡಿಗಳು ಬಂದವು, ಹೋದವು. ಒಂದಕ್ಕೂ ನಿಲ್ಲಿಸು ಎಂದು ಮಗಳು ಕೇಳಲಿಲ್ಲ.

ರಾಕ್ಷಸ ದೂರದಿಂದಲೇ ಕಂಡ. ಹೋಟೆಲಿನ ಪಕ್ಕದ ಮಕ್ಕಳ ಆಟದ ಜಾಗಕ್ಕೆ ಅವನ ಮುಖವೇ ಬಾಗಿಲು. ಒಂದು ಮಹಡಿ ಎತ್ತರದ ತಲೆಗೆ ನೀಲಿ ಬಣ್ಣ, ಕೋಡು, ಕೆಂಗಣ್ಣು ಎಲ್ಲ ಇತ್ತು. ತೆರೆದ ಬಾಯೊಳಗೆ ಮಕ್ಕಳು ನುಗ್ಗಿ, ಹಿಂದಿನ ಜಾರುಬಂಡೆಯಿಂದ ಇಳಿಯುತ್ತಿದ್ದರು. ಕೋರೆಹಲ್ಲು ಹೊಸದಾಗಿ ಸೇರಿಸಿದ್ದರು. ಉಳಿದದ್ದೆಲ್ಲ ಅಪ್ಪನದೇ. ಮೇಲಿದ್ದ ಎಡಗಿವಿಯೂ, ಮೂಗಿನ ಕುಳಿಗಳೂ ಹಾಗೆಯೇ ದೊಡ್ಡದಾಗಿದ್ದವು. ಒಂದೊಂದು ಕುಳಿಯೊಳಗೂ ಒಂದು ಪಾರಿವಾಳ ಕೂರಬಹುದಿತ್ತು. ಬೆಳಿಗ್ಗೆಯಿಂದ ಸಿಕ್ಕ ಆಘಾತಗಳೇ ಸಾಕಾಗಿದ್ದವು ಅಂದುಕೊಂಡಿದ್ದೆ. ಕಾರಿನ ಬಾಗಿಲು ಹಿಡಿದುಕೊಂಡೇ ನಿಂತೆ. ಜನರು ನನ್ನ ಅಪ್ಪನ ಬಾಯಿಯ ಮುಂದೆ ಸೆಲ್ಫಿ ತೆಗೆದುಕೊಳ್ಳುತ್ತಿದ್ದರು.

ಮಗ ನನ್ನ ಅಮ್ಮನ ಸೀರೆಯೊಳಗೆ ಮುಖ ಹುದುಗಿಸಿ ಅಳಲು ಶುರುಮಾಡಿದ. "ಅದು ಕಚ್ಚತ್ತೆ ಅಜ್ಜಿ."

"ಕಚ್ಚಲ್ಲ ಕಣೋ. ಒಂದಿನ ಯಾರಿಗೂ ಏರುದನೀಲಿ ಮಾತಾಡ್ದೋರಲ್ಲ" ಎಂದು ಅಮ್ಮ ಅವನ ಕೈ ಹಿಡಿದುಕೊಂಡು ನಡೆದಳು. ಬಾಗಿಲಿನ ಹುಡುಗಿ, "ಆಂಟಿ, ದೊಡ್ಡೋರಿಗೆ ಎಂಟ್ರಿ ಇಲ್ಲ" ಅಂದಳು. ಅಮ್ಮ ಅವಳಿಗೆ ಏನು ಹೇಳಿದಳೋ ನನಗೆ ಕೇಳಿಸಲಿಲ್ಲ, ಹುಡುಗಿ ಸರಿದು ನಿಂತಳು. ಅಮ್ಮ ತಲೆ ಬಗ್ಗಿಸದೆಯೇ ಆ ಬಾಯೊಳಗೆ ಹೋದಳು. ಮೇಲ್ಗಡೆ ಬಾಗಿಲಿನ ಚೌಕಟ್ಟಿನಂತೆ ಸಾಲಾಗಿದ್ದ ಹಲ್ಲುಗಳ ನಡುವೆ ಅರ್ಧ ಮುರಿದ ಹಲ್ಲೊಂದಿತ್ತು. ಅದರ ಕೆಳಗೆ ನಿಂತು, ಕತ್ತೆತ್ತಿ, ಬಹಳ ಹೊತ್ತು ಅದನ್ನೇ ನೋಡಿದಳು. ಹಿಂದೆ ನಿಂತ ಮಕ್ಕಳು "ಅಜ್ಜಿ, ಸೈಡು, ಸೈಡು" ಎಂದು ಗಲಾಟೆ ಮಾಡಿದಾಗ ಮೊಮ್ಮಗನನ್ನು ಎತ್ತಿಕೊಂಡು ಒಳಗೆ ಹೋದಳು. ನಾವು ಹಿಂದಕ್ಕೆ ಓಡುವಷ್ಟರಲ್ಲಿ ಇಬ್ಬರೂ ಜಾರುಬಂಡೆಯಿಂದ ಇಳಿದು ಮರಳಿನ ಮೇಲೆ ಕೂತಿದ್ದರು. ಮಗ ಇನ್ನೊಂದು ಸಲ ಅನ್ನುತ್ತಿದ್ದ. ಅಮ್ಮ ಸೊಂಟ ಹಿಡಿದುಕೊಂಡಿದ್ದಳು.

ಮೈಸೂರಿಗೆ ಹೋಗಲಿಲ್ಲ. ವಾಪಸ್ ಬರುವಾಗ ಮಕ್ಕಳು ಮಲಗಿದರು. ಮೈಸೂರು ರಸ್ತೆಯ ಸಂಜೆಯ ಟ್ರಾಫಿಕ್ಕಿನಲ್ಲಿ ತೆವಳುತ್ತಾ ಬಾಪೂಜಿ ನಗರದ ಹತ್ತಿರ ಬಂದಾಗ ಅಮ್ಮ, "ಅಕ್ಕನ ಮನೆ ಹತ್ರ ನಿಲ್ಸು" ಎಂದಳು. ದೊಡ್ಡಮ್ಮ ಅಲ್ಲಿ ಮಗಳ ಜೊತೆ ಇದ್ದಾರೆ. ಅಮ್ಮನಿಗಿಂತ ಆರೇಳು ವರ್ಷ ದೊಡ್ಡವರು. ಜಗಳ ನಡೆಯುತ್ತದೆ ಎಂದು ನನಗೆ ಅನ್ನಿಸಿತು. ಮಲಗಿದ ಮಕ್ಕಳ ಜೊತೆ ಹೆಂಡತಿಯನ್ನು ಕಾರಿನಲ್ಲೇ ಬಿಟ್ಟು ಅಮ್ಮನ ಹಿಂದೆ ಆ ಸಣ್ಣ ಓಣಿಯಲ್ಲಿ ನಡೆದೆ.

ದೊಡ್ಡಮ್ಮ ಬಾಗಿಲಲ್ಲೇ ಕೂತು ಅವರೆಕಾಯಿ ಸುಲಿಯುತ್ತಿದ್ದರು. ತಂಗಿಯನ್ನು ಕಂಡು ಮುಖ ಅರಳಿಸಿದರು. ಅಮ್ಮ ಕೂರಲಿಲ್ಲ. ನಿಂತೇ ಕೇಳಿದಳು. "ಅಕ್ಕಾ, ನನ್ನ ನೋಡೋಕೆ ಅವರು ಬಂದಿದ್ರಲ್ಲ, ಅವತ್ತು ಅವರ ಹಲ್ಲಿನ ವಿಷಯ ಯಾಕೆ ಅಂದೆ ನೀನು?"

"ಯಾವ ಹಲ್ಲೇ?"

"ಆ ಮುರುಕು ಹಲ್ಲೊಂದು ಇಲ್ದಿದ್ರೆ ಹುಡುಗ ಚೆನ್ನಾಗಿದ್ದ ಅಂತ. ಅಡುಗೆಮನೇಲಿ. ಅವರಿಗೆ ಕೇಳಿಸ್ತು."

ದೊಡ್ಡಮ್ಮ ಅವರೆಕಾಯಿ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ ಯೋಚಿಸಿದರು. ಪ್ರಾಮಾಣಿಕವಾಗಿಯೇ ಯೋಚಿಸಿದರು. "ಇಲ್ಲ ಕಣೇ. ನಂಗೆ ಅವತ್ತಿಂದು ಒಂದೂ ನೆನಪಿಲ್ಲ. ಅವತ್ತು ಉಪ್ಪಿಟ್ಟು ಮಾಡಿದ್ವೋ ಕೇಸರಿಬಾತೋ, ಅದೂ ನೆನಪಿಲ್ಲ. ಈಗ ನನಗೇ ಹಲ್ಲಿಲ್ಲ ನೋಡು" ಎಂದು ಬಾಯಿ ತೆರೆದು ನಕ್ಕರು. ಬೊಚ್ಚು ಬಾಯಿ. ಕಟ್ಟಿಸಿದ ಹಲ್ಲಿನ ಸೆಟ್ಟು ಪಕ್ಕದ ಲೋಟದ ನೀರಿನಲ್ಲಿತ್ತು.

ಅಮ್ಮ ಅವರನ್ನೇ ನೋಡಿದಳು. ಬೆಳಿಗ್ಗೆಯಿಂದ ಅವಳ ಮುಖದಲ್ಲಿ ನಾನು ಕಂಡ ಎಲ್ಲ ಆಘಾತಕ್ಕಿಂತ ಇದು ದೊಡ್ಡದಾಗಿತ್ತು. ಒಂದು ಮನೆಯ ನಗುವನ್ನೇ ಮುಚ್ಚಿಸಿದ ಮಾತು, ಆಡಿದವರ ಲೆಕ್ಕದಲ್ಲಿ ಇರಲೇ ಇಲ್ಲ. ಬೈಯಲು ಅಲ್ಲಿ ಯಾರೂ ಇರಲಿಲ್ಲ. ಅಕ್ಕ ಇದ್ದಳು, ಅಷ್ಟೆ.

ಅಮ್ಮ ಕೆಳಗೆ ಕೂತು, ಮೊರವನ್ನು ತನ್ನ ಕಡೆ ಎಳೆದುಕೊಂಡು ಅವರೆಕಾಯಿ ಸುಲಿಯಲು ಶುರುಮಾಡಿದಳು. "ಯಾಕೇ, ಏನಾಯ್ತು ಇವತ್ತು?" ಎಂದು ದೊಡ್ಡಮ್ಮ ಕೇಳಿದರು.

"ಏನಿಲ್ಲ. ಮಕ್ಕಳ ಜೊತೆ ಗೊಂಬೆ ನೋಡೋಕೆ ಹೋಗಿದ್ದೆ" ಅಂದಳು ಅಮ್ಮ. "ಮುಂದಿನ ವಾರ ಇವನು ಮತ್ತೆ ಕರ್ಕೊಂಡು ಹೋಗ್ತಾನೆ. ನೀನೂ ಬರ್ತೀಯ."

"ಗೊಂಬೆ ನೋಡೋಕೆ ಅಷ್ಟು ದೂರ ಯಾರು ಬರ್ತಾರೆ?"

"ನೀನು ಬರ್ತೀಯ" ಎಂದಳು ಅಮ್ಮ ಇನ್ನೊಮ್ಮೆ, ಕಾಳನ್ನು ಬಟ್ಟಲಿಗೆ ಹಾಕುತ್ತಾ. ದೊಡ್ಡಮ್ಮ ನನ್ನ ಕಡೆ ನೋಡಿದರು. ನಾನು ಹೂಂ ಅಂದೆ.